ಹಾರುವ ಗೋಪುರ

ಮಕ್ಕಳೇ, ನಮ್ಮ ಕೃಷ್ಣಗಿರಿ ಜಿಲ್ಲೆಯ ಭೂಪಟವನ್ನು ಒಮ್ಮೆ ನೋಡಿರಿ. ಹೊಸೂರು, ಬಾಗಲೂರು ಕಡೆ ನೆಲ ಹೆಚ್ಚಾಗಿ ಬಯಲು. ಅಲ್ಲಿ ರಾಗಿ ಹೊಲಗಳಿವೆ, ಗುಲಾಬಿ ತೋಟಗಳಿವೆ, ಕಾರ್ಖಾನೆಗಳಿವೆ. ತಳಿ, ಡೆಂಕಣಿಕೋಟೆಗಳನ್ನು ದಾಟಿ ಅಂಚೆಟ್ಟಿಯ ಕಡೆಗೆ ಹೋದಂತೆ ಬಯಲು ಮುಗಿದು ಬೆಟ್ಟಗಳು ಬರುತ್ತವೆ. ಇವು ಮೇಲಗಿರಿ ಬೆಟ್ಟಗಳು. ಇಲ್ಲಿ ದಟ್ಟವಾದ ಕಾಡು ಇದೆ. ಕಾಡಿನಲ್ಲಿ ಆನೆಗಳಿವೆ. ಬೆಟ್ಟಗಳ ಆಚೆ ಕಾವೇರಿ ಹರಿಯುತ್ತಾಳೆ. ಬೆಟ್ಟದ ಮೇಲೆ ಬೆಟ್ಟಮುಗಿಲಾಳಂ ಎಂಬ ಊರಿದೆ. ಬೆಟ್ಟ, ಮುಗಿಲು ಎಂಬ ನಮ್ಮ ಎರಡು ಪದಗಳು ಆ ಹೆಸರಿನಲ್ಲೇ ಕೇಳಿಸುತ್ತವೆ.

ಬಸ್ಸಿನಲ್ಲಿ ಇಂತಹ ಬೆಟ್ಟದ ದಾರಿಯಲ್ಲಿ ಹೋಗುವಾಗ ದೊಡ್ಡವರ ಕೈಯಲ್ಲಿರುವ ಮೊಬೈಲ್ ಫೋನನ್ನು ಗಮನಿಸಿರಿ. ಬಯಲಿನಲ್ಲಿ ಅದರ ಮೇಲ್ತುದಿಯಲ್ಲಿ ನಾಲ್ಕು ಗೆರೆಗಳು ಕಾಣುತ್ತವೆ. ತಿರುವಿನಲ್ಲಿ ಅವು ಎರಡಾಗುತ್ತವೆ. ಕಣಿವೆಗೆ ಇಳಿದರೆ ಒಂದೂ ಇರುವುದಿಲ್ಲ. “ಹಲೋ, ಹಲೋ” ಎಂದು ಕೂಗುವವರ ಮಾತು ಅರ್ಧಕ್ಕೇ ನಿಂತುಹೋಗುತ್ತದೆ.

ಹರಟೆಯ ಮಾತು ನಿಂತರೆ ನಷ್ಟವಿಲ್ಲ. ಆದರೆ ರಾತ್ರಿ ಯಾರಿಗೋ ಹಾವು ಕಚ್ಚಿದೆ ಎನ್ನಿ. 108 ಸಂಖ್ಯೆಗೆ ಕರೆ ಮಾಡಿ ಆಂಬುಲೆನ್ಸ್ ಕರೆಸಬೇಕು. ಆಗ ಫೋನಿನಲ್ಲಿ ಒಂದು ಗೆರೆಯೂ ಇಲ್ಲದಿದ್ದರೆ? ಆ ಒಂದು ಗೆರೆ ಒಂದು ಜೀವದ ಬೆಲೆಯಷ್ಟು ದೊಡ್ಡದಾಗುತ್ತದೆ. ಆದುದರಿಂದಲೇ ಬೆಟ್ಟದ ಊರುಗಳಿಗೂ, ಮಳೆಗಾಳಿಗೆ ಸಿಕ್ಕಿದ ಊರುಗಳಿಗೂ ಫೋನಿನ ಸಂಪರ್ಕ ಕೊಡುವುದು ಹೇಗೆಂದು ವಿಜ್ಞಾನಿಗಳು ಹಲವು ದಾರಿಗಳನ್ನು ಹುಡುಕುತ್ತಿದ್ದಾರೆ. ಅವುಗಳಲ್ಲಿ ಡ್ರೋನ್ ಕೂಡ ಒಂದು. ಅದರ ವಿಷಯವನ್ನು ಈ ಪಾಠದಲ್ಲಿ ತಿಳಿಯೋಣ.

ಮಾತು ಹೋಗುವ ದಾರಿ

ಒಂದು ಮೊಬೈಲಿನಿಂದ ಇನ್ನೊಂದು ಮೊಬೈಲಿಗೆ ಮಾತು ನೇರವಾಗಿ ಹಾರಿಹೋಗುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಅದು ಸರಿಯಲ್ಲ. ನೀವು ಮಾತನಾಡಿದಾಗ ಫೋನು ನಿಮ್ಮ ದನಿಯನ್ನು ರೇಡಿಯೋ ಅಲೆಗಳಾಗಿ ಬದಲಿಸುತ್ತದೆ. ಈ ಅಲೆಗಳು ಕಣ್ಣಿಗೆ ಕಾಣುವುದಿಲ್ಲ. ಅವು ಮೊದಲು ಹತ್ತಿರದ ಗೋಪುರವನ್ನು ಸೇರುತ್ತವೆ. ಗೋಪುರದ ಮೇಲಿರುವ ಆಂಟೆನಾಗಳು ಅವನ್ನು ಹಿಡಿಯುತ್ತವೆ. ಅಲ್ಲಿಂದ ಮಾತು ನೆಲದಡಿಯ ಗಾಜಿನ ಎಳೆಗಳ ಮೂಲಕವೋ, ಇನ್ನೊಂದು ಗೋಪುರದ ಮೂಲಕವೋ ಮುಂದೆ ಸಾಗುತ್ತದೆ. ಕೊನೆಗೆ ನಿಮ್ಮ ಗೆಳೆಯನ ಊರಿನ ಗೋಪುರಕ್ಕೆ ಬಂದು, ಅಲ್ಲಿಂದ ಅವನ ಫೋನಿಗೆ ತಲುಪುತ್ತದೆ. ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ.

ಅಂದರೆ ಗೋಪುರವು ಅಂಚೆ ಕಚೇರಿ ಇದ್ದಂತೆ. ಹತ್ತಿರದಲ್ಲಿ ಅಂಚೆ ಕಚೇರಿ ಇಲ್ಲದಿದ್ದರೆ ಕಾಗದ ಹೋಗದು. ಹತ್ತಿರದಲ್ಲಿ ಗೋಪುರ ಇಲ್ಲದಿದ್ದರೆ ಮಾತು ಹೋಗದು.

ಜೇನುಗೂಡಿನಂತಹ ಜಾಲ

ಒಂದು ಗೋಪುರದ ಅಲೆಗಳು ಒಂದಷ್ಟು ದೂರ ಮಾತ್ರ ಚೆನ್ನಾಗಿ ತಲುಪುತ್ತವೆ. ಅದಕ್ಕಾಗಿ ಇಡೀ ನಾಡನ್ನು ಚಿಕ್ಕ ಚಿಕ್ಕ ಭಾಗಗಳಾಗಿ ವಿಂಗಡಿಸುತ್ತಾರೆ. ಕಾಗದದ ಮೇಲೆ ಬರೆದರೆ ಇದು ಜೇನುಗೂಡಿನ ಆರು ಮೂಲೆಯ ಕೋಣೆಗಳಂತೆ ಕಾಣುತ್ತದೆ. ಇಂಗ್ಲಿಷಿನಲ್ಲಿ ಜೇನುಗೂಡಿನ ಕೋಣೆಗೆ ‘ಸೆಲ್’ ಎನ್ನುವರು. ಮೊಬೈಲಿಗೆ ‘ಸೆಲ್ ಫೋನ್’ ಎಂಬ ಹೆಸರು ಬಂದುದು ಈ ಸೆಲ್ ಜಾಲದಿಂದಲೇ.

ಈ ಯೋಚನೆ ಹೊಳೆದುದು 1947ರಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ. ಕೈಯಲ್ಲಿ ಹಿಡಿಯುವ ಮೊಬೈಲಿನಿಂದ ಮೊದಲ ಕರೆ ಮಾಡಿದವರು ಮಾರ್ಟಿನ್ ಕೂಪರ್. ಅದು 1973ರ ಏಪ್ರಿಲ್ 3ರಂದು ನ್ಯೂಯಾರ್ಕ್ ನಗರದಲ್ಲಿ ನಡೆಯಿತು. ನಮ್ಮ ದೇಶದಲ್ಲಿ ಮೊಬೈಲಿನ ಮೊದಲ ಕರೆ 1995ರ ಜುಲೈ 31ರಂದು ಕೊಲ್ಕತ್ತದಿಂದ ದೆಹಲಿಗೆ ಹೋಯಿತು. ಬಂಗಾಳದ ಮುಖ್ಯಮಂತ್ರಿಯಾಗಿದ್ದ ಜ್ಯೋತಿ ಬಸು ಅವರು ಕೇಂದ್ರ ಮಂತ್ರಿ ಸುಖ್ ರಾಮ್ ಅವರೊಡನೆ ಮಾತನಾಡಿದರು.

ನಾವು ಗಡಿಯವರು. ಅಲೆಗಳಿಗೆ ಗಡಿ ಗೊತ್ತಿಲ್ಲ. ಹೊಸೂರಿನಿಂದ ಜೂಜುವಾಡಿ ದಾಟಿ ಅತ್ತಿಬೆಲೆಗೆ ಹೋಗುವಾಗ ನಮ್ಮ ಫೋನು ತಮಿಳುನಾಡಿನ ಗೋಪುರವನ್ನು ಬಿಟ್ಟು ಕರ್ನಾಟಕದ ಗೋಪುರವನ್ನು ಹಿಡಿಯುತ್ತದೆ. ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಜೇನುನೊಣ ನಡೆದುಹೋದಂತೆ ನಮ್ಮ ಮಾತು ಒಂದು ಸೆಲ್‌ನಿಂದ ಇನ್ನೊಂದು ಸೆಲ್‌ಗೆ ಸಾಗುತ್ತದೆ.

ಬೆಟ್ಟ ಅಡ್ಡ ಬಂದರೆ

ರಾತ್ರಿ ಅಂಗಳದಲ್ಲಿ ಒಂದು ದೀಪವನ್ನು ನೆಲದ ಮೇಲೆ ಇಡಿರಿ. ಕಾಂಪೌಂಡ್ ಗೋಡೆಯ ಹಿಂದೆ ಕತ್ತಲೆ ಇರುತ್ತದೆ. ಅದೇ ದೀಪವನ್ನು ಎತ್ತರದ ಕಂಬಕ್ಕೆ ಕಟ್ಟಿರಿ. ಗೋಡೆಯ ಹಿಂದೆಯೂ ಬೆಳಕು ಬೀಳುತ್ತದೆ. ರೇಡಿಯೋ ಅಲೆಗಳ ನಡತೆಯೂ ಬಹುಮಟ್ಟಿಗೆ ಹೀಗೆಯೇ. ಅವು ಸ್ವಲ್ಪ ಬಾಗಿ ಹೋಗಬಲ್ಲವು. ಆದರೂ ದೊಡ್ಡ ಬೆಟ್ಟದ ಹಿಂಬದಿಗೆ ಚೆನ್ನಾಗಿ ತಲುಪಲಾರವು. ದಪ್ಪ ಗೋಡೆಗಳೂ, ದಟ್ಟವಾದ ಎಲೆಗಳೂ ಅವುಗಳ ಬಲವನ್ನು ತಗ್ಗಿಸುತ್ತವೆ.

ಎತ್ತರಕ್ಕೆ ಇರುವ ಶಕ್ತಿಯನ್ನು ಒಂದು ಲೆಕ್ಕದಿಂದ ತಿಳಿಯೋಣ. ಅಡ್ಡವೇನೂ ಇಲ್ಲದ ಸಮತಟ್ಟಾದ ಬಯಲಿನಲ್ಲಿ ನಿಮ್ಮಂತಹ ಮಕ್ಕಳು ನಿಂತು ನೋಡಿದರೆ ಸುಮಾರು 4 ಕಿ.ಮೀ. ದೂರದವರೆಗೆ ನೆಲ ಕಾಣುತ್ತದೆ. ಅದರಾಚೆ ಭೂಮಿಯ ಉಬ್ಬು ಮರೆಮಾಡುತ್ತದೆ. 100 ಮೀಟರ್ ಎತ್ತರದಿಂದ ನೋಡಿದರೆ ಸುಮಾರು 36 ಕಿ.ಮೀ. ಕಾಣುತ್ತದೆ. ಎತ್ತರ ಹೆಚ್ಚಿದಷ್ಟೂ ನೋಟ ದೂರ ಹೋಗುತ್ತದೆ. ಗೋಪುರಗಳನ್ನು ಎತ್ತರವಾಗಿ ಕಟ್ಟುವುದು ಇದಕ್ಕಾಗಿಯೇ.

“ಹಾಗಾದರೆ ಪ್ರತಿಯೊಂದು ಬೆಟ್ಟದ ಮೇಲೂ ಗೋಪುರ ಕಟ್ಟಬಹುದಲ್ಲವೇ?” ಎಂದು ನೀವು ಕೇಳಬಹುದು. ಗೋಪುರ ಕಟ್ಟಲು ಕಬ್ಬಿಣ, ಸಿಮೆಂಟು ಸಾಗಿಸಬೇಕು. ಅದಕ್ಕೆ ರಸ್ತೆ ಬೇಕು. ಗೋಪುರಕ್ಕೆ ಹಗಲೂ ರಾತ್ರಿಯೂ ವಿದ್ಯುತ್ ಬೇಕು. ಕಾಡಿನಲ್ಲಿ ಕಟ್ಟಲು ಅರಣ್ಯ ಇಲಾಖೆಯ ಅನುಮತಿ ಬೇಕು. ಖರ್ಚು ಹೆಚ್ಚು, ಜನ ಕಡಿಮೆ. ಆದುದರಿಂದ ಕಂಪನಿಗಳು ಹಿಂಜರಿಯುತ್ತವೆ. ಇಂತಹ ಊರುಗಳನ್ನು ಬಿಟ್ಟುಬಿಡಬಾರದೆಂದು ಭಾರತ ಸರ್ಕಾರವು 2022ರ ಜುಲೈ ತಿಂಗಳಲ್ಲಿ ಒಂದು ಯೋಜನೆಗೆ ಒಪ್ಪಿಗೆ ನೀಡಿತು. ಸಂಪರ್ಕವಿಲ್ಲದ 24,680 ಹಳ್ಳಿಗಳಿಗೆ 4ಜಿ ಸೇವೆಯನ್ನು ತಲುಪಿಸುವುದು ಅದರ ಗುರಿ.

ಇದು ಮಕ್ಕಳ ಓದಿಗೂ ಸೇರಿದ ವಿಷಯ. 2020 ಮತ್ತು 2021ರಲ್ಲಿ ಕೊರೋನಾ ರೋಗದಿಂದ ಶಾಲೆಗಳು ಮುಚ್ಚಿದ್ದವು. ಪಾಠಗಳು ಫೋನಿನಲ್ಲಿ ನಡೆದವು. ಆಗ ಎಷ್ಟೋ ಬೆಟ್ಟದ ಊರುಗಳ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದರು, ಮರ ಹತ್ತಿದರು. ಮಳೆಯಲ್ಲಿ ರಸ್ತೆ ಬದಿಗೆ ಕೂತು ಓದಿದವರೂ ಇದ್ದರು. ಫೋನು ಇಲ್ಲದ ಮಕ್ಕಳ ಕಷ್ಟ ಇನ್ನೂ ದೊಡ್ಡದು.

ಗೋಪುರ ಮೌನವಾದಾಗ

ಗೋಪುರವಿರುವ ಊರಿನಲ್ಲೂ ಕೆಲವು ವೇಳೆ ಸಂಪರ್ಕ ಕಡಿದುಹೋಗುತ್ತದೆ. 2024ರ ಡಿಸೆಂಬರ್ ತಿಂಗಳ ಮೊದಲಲ್ಲಿ ‘ಫೆಂಗಲ್’ ಎಂಬ ಚಂಡಮಾರುತದಿಂದ ನಮ್ಮ ಜಿಲ್ಲೆಯಲ್ಲಿ ಭಾರಿ ಮಳೆ ಸುರಿಯಿತು. ಊತಂಗರೆಯಲ್ಲಿ ಒಂದೇ ದಿನದಲ್ಲಿ ಸುಮಾರು 50 ಸೆಂಟಿಮೀಟರ್ ಮಳೆಯಾಯಿತು. ನಿಮ್ಮ ಅಳತೆಪಟ್ಟಿಯಲ್ಲಿ 50 ಸೆಂಟಿಮೀಟರ್ ಎಷ್ಟೆಂದು ನೋಡಿರಿ. ಅಷ್ಟು ನೀರು ಒಂದೇ ದಿನ ಬಿದ್ದರೆ ವಾಹನಗಳು ಕೊಚ್ಚಿಹೋಗುತ್ತವೆ, ಕೆರೆಗಳು ತುಂಬಿ ಹರಿಯುತ್ತವೆ.

ಇಂತಹ ವೇಳೆ ವಿದ್ಯುತ್ ಕಂಬಗಳು ಬೀಳಬಹುದು. ವಿದ್ಯುತ್ ಹೋದರೆ ಗೋಪುರವು ಬ್ಯಾಟರಿಯಿಂದ ಕೆಲವು ಗಂಟೆ ನಡೆಯುತ್ತದೆ. ಬಳಿಕ ಡೀಸೆಲ್ ಎಂಜಿನ್ ಬೇಕು. ರಸ್ತೆಯೇ ಕೊಚ್ಚಿಹೋದರೆ ಡೀಸೆಲ್ ತರುವವರು ಯಾರು? ಜನರಿಗೆ ಸಹಾಯ ಬೇಕಾದ ಹೊತ್ತಿಗೇ ಗೋಪುರ ಮೌನವಾಗುತ್ತದೆ. 2024ರ ಜುಲೈ 30ರಂದು ಕೇರಳದ ವಯನಾಡಿನಲ್ಲಿ ಗುಡ್ಡ ಕುಸಿದು ನೂರಾರು ಜನ ಸತ್ತರು. ಆಗ ಚೂರಲ್‌ಮಲೆಯಲ್ಲಿದ್ದ ಬಿ.ಎಸ್.ಎನ್.ಎಲ್. ಗೋಪುರವನ್ನು ಡೀಸೆಲ್ ಎಂಜಿನ್ನಿನ ಸಹಾಯದಿಂದ ನಡೆಸಿದರು. ರಕ್ಷಣೆಗೆ ಬಂದವರು ಪರಸ್ಪರ ಮಾತನಾಡಲು ಅದು ನೆರವಾಯಿತು. ಆದರೆ ಗೋಪುರವೇ ಉರುಳಿದ್ದರೆ ಏನು ಮಾಡಬೇಕಿತ್ತು?

ಡ್ರೋನ್ ಎಂದರೇನು?

ಡ್ರೋನ್ ಎಂದರೆ ಒಳಗೆ ಮನುಷ್ಯರಿಲ್ಲದೆ ಹಾರುವ ಯಂತ್ರ. ನೆಲದ ಮೇಲೆ ನಿಂತವರು ಅದನ್ನು ನಡೆಸುತ್ತಾರೆ. ಮದುವೆಯ ಮನೆಯಲ್ಲಿ ಮೇಲಿನಿಂದ ಫೋಟೋ ತೆಗೆಯುವ ಡ್ರೋನನ್ನು ನೀವು ನೋಡಿರಬಹುದು. ಅದಕ್ಕೆ ನಾಲ್ಕು ರೆಕ್ಕೆಚಕ್ರಗಳಿರುತ್ತವೆ. ಹೊಲಕ್ಕೆ ಔಷಧಿ ಸಿಂಪಡಿಸಲು, ಕಾಡಾನೆಗಳ ಹಿಂಡು ಎಲ್ಲಿದೆ ಎಂದು ತಿಳಿಯಲು ಸಹ ಡ್ರೋನ್ ಬಳಸುತ್ತಾರೆ.

ಈ ಹೆಸರಿನಲ್ಲೂ ಜೇನಿದೆ. ಇಂಗ್ಲಿಷಿನಲ್ಲಿ ಗಂಡು ಜೇನುನೊಣಕ್ಕೆ ‘ಡ್ರೋನ್’ ಎನ್ನುತ್ತಾರೆ. 1935ರಲ್ಲಿ ಬ್ರಿಟನ್ನಿನವರು ರೇಡಿಯೋ ಮೂಲಕ ನಡೆಸುವ ಒಂದು ವಿಮಾನಕ್ಕೆ ‘ರಾಣಿ ಜೇನು’ ಎಂಬ ಅರ್ಥದ ಹೆಸರಿಟ್ಟಿದ್ದರು. ಸೆಲ್ ಎಂದರೆ ಜೇನಿನ ಕೋಣೆ, ಡ್ರೋನ್ ಎಂದರೆ ಜೇನಿನ ನೊಣ. ಎರಡೂ ಒಂದೇ ಗೂಡಿನಿಂದ ಬಂದ ಪದಗಳು!

ಗೋಪುರದ ಕೆಲಸವೇನು? ಆಂಟೆನಾವನ್ನು ಎತ್ತರದಲ್ಲಿ ಹಿಡಿದು ನಿಲ್ಲುವುದು. ಅದೇ ಕೆಲಸವನ್ನು ಡ್ರೋನ್ ಮಾಡಬಲ್ಲದು. ಚಿಕ್ಕ ಆಂಟೆನಾ ಪೆಟ್ಟಿಗೆಯನ್ನು ಹೊತ್ತು ಅದು ಮೇಲೇರಿ ಒಂದೇ ಕಡೆ ನಿಲ್ಲುತ್ತದೆ. ಕೆಳಗಿರುವ ಫೋನುಗಳಿಗೆ ಅದೇ ಗೋಪುರ. ಕಟ್ಟಲು ತಿಂಗಳುಗಟ್ಟಲೆ ಕಾಯಬೇಕಾಗಿಲ್ಲ.

ಹಾರುವ ಹಸು

2017ರ ಸೆಪ್ಟೆಂಬರ್ 20ರಂದು ‘ಮರಿಯಾ’ ಎಂಬ ಚಂಡಮಾರುತ ಪೋರ್ಟೊ ರಿಕೊ ದ್ವೀಪವನ್ನು ಅಪ್ಪಳಿಸಿತು. ಅಲ್ಲಿನ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮೊಬೈಲ್ ಗೋಪುರಗಳು ಕೆಲಸ ನಿಲ್ಲಿಸಿದವು. ಮನೆಯವರು ಬದುಕಿದ್ದಾರೋ ಇಲ್ಲವೋ ಎಂದು ತಿಳಿಯದೆ ಜನ ಕಂಗಾಲಾದರು. ನವೆಂಬರ್ ತಿಂಗಳಲ್ಲಿ ಅಮೆರಿಕದ ಎ.ಟಿ. ಅಂಡ್ ಟಿ. ಕಂಪನಿಯವರು ಅಲ್ಲಿ ಒಂದು ಡ್ರೋನನ್ನು ಮೇಲೇರಿಸಿದರು. ಅದು ಪುಟ್ಟ ಹೆಲಿಕಾಪ್ಟರಿನಂತಿತ್ತು. ‘ಸೆಲ್ ಆನ್ ವಿಂಗ್ಸ್’, ಅಂದರೆ ರೆಕ್ಕೆಯ ಮೇಲಿನ ಸೆಲ್ ಎಂದು ಅದರ ಹೆಸರು. ಆ ಹೆಸರಿನ ಮೊದಲ ಅಕ್ಷರಗಳನ್ನು ಇಂಗ್ಲಿಷಿನಲ್ಲಿ ಕೂಡಿಸಿ ಓದಿದರೆ ‘ಕೌ’ ಎಂದಾಗುತ್ತದೆ. ಹಾಗಾಗಿ ಎಲ್ಲರೂ ಅದನ್ನು ‘ಹಾರುವ ಹಸು’ ಎಂದೇ ಕರೆದರು.

ಈ ಹಸು ಸುಮಾರು 60 ಮೀಟರ್ ಎತ್ತರದಲ್ಲಿ ನಿಲ್ಲುತ್ತಿತ್ತು. ಮೂರು ತೆಂಗಿನ ಮರಗಳನ್ನು ಒಂದರ ಮೇಲೊಂದು ನಿಲ್ಲಿಸಿದಷ್ಟು ಎತ್ತರ ಅದು. ಅಲ್ಲಿಂದ ಸುಮಾರು 100 ಚದರ ಕಿಲೋಮೀಟರಿನವರೆಗೆ ಸಂಪರ್ಕ ಕೊಡಬಲ್ಲದಾಗಿತ್ತು.

ಹಸುವಿಗೆ ಹಗ್ಗ ಇರಬೇಕಲ್ಲವೇ? ಈ ಹಸುವಿಗೂ ಇತ್ತು. ಸಾಮಾನ್ಯ ಡ್ರೋನ್ ತನ್ನ ಬ್ಯಾಟರಿಯಿಂದ 20ರಿಂದ 30 ನಿಮಿಷ ಮಾತ್ರ ಹಾರುತ್ತದೆ. ಅಷ್ಟರಲ್ಲಿ ಎಷ್ಟು ಜನ ಮಾತನಾಡಲು ಸಾಧ್ಯ? ಆದುದರಿಂದ ನೆಲದಿಂದ ಡ್ರೋನಿನವರೆಗೆ ಒಂದು ತೆಳುವಾದ ಕೇಬಲ್ ಕಟ್ಟುತ್ತಾರೆ. ಅದರ ಮೂಲಕ ವಿದ್ಯುತ್ ಮೇಲೆ ಹೋಗುತ್ತದೆ. ಜನರ ಮಾತು ಕೆಳಗೆ ಬರುತ್ತದೆ. ಕೆಳಗೆ ನಿಂತ ವಾಹನವು ಆ ಮಾತನ್ನು ಉಪಗ್ರಹದ ಮೂಲಕವೋ ದೂರದ ಗೋಪುರದ ಮೂಲಕವೋ ಮುಂದಕ್ಕೆ ಕಳುಹಿಸುತ್ತದೆ. ಹೀಗೆ ಕಟ್ಟಿದ ಡ್ರೋನ್ ಬಹಳ ಹೊತ್ತು ಮೇಲೆ ನಿಲ್ಲಬಲ್ಲದು. ಆದರೆ ಬಿರುಗಾಳಿ ಬೀಸಿದರೆ ಅದನ್ನು ಕೆಳಗಿಳಿಸಲೇಬೇಕು.

ಜಾತ್ರೆಯ ದಿನಗಳಲ್ಲೂ ಇದು ಉಪಯೋಗಕ್ಕೆ ಬರಬಹುದು. ಹೊಸೂರಿನ ಚಂದ್ರಚೂಡೇಶ್ವರ ಸ್ವಾಮಿಯ ತೇರಿನ ದಿನ ಸಾವಿರಾರು ಜನ ಸೇರುತ್ತಾರೆ. ಒಂದು ಕೊಳಾಯಿಯ ಮುಂದೆ ನೂರು ಕೊಡಗಳು ಸಾಲುಗಟ್ಟಿದಂತೆ ಒಂದು ಗೋಪುರದ ಮುಂದೆ ಫೋನುಗಳು ಸಾಲುಗಟ್ಟುತ್ತವೆ. ಆ ದಿನಕ್ಕೆ ಮಾತ್ರ ಇನ್ನೊಂದು ಕೊಳಾಯಿ ಸಿಕ್ಕರೆ ಎಷ್ಟು ಅನುಕೂಲ!

ಚಳ್ಳಕೆರೆಯ ಆಕಾಶದಲ್ಲಿ

ಡ್ರೋನ್ ಇನ್ನೂ ಎತ್ತರಕ್ಕೆ ಹೋದರೆ? ಪ್ರಯಾಣಿಕರ ವಿಮಾನಗಳು ಸುಮಾರು 10ರಿಂದ 12 ಕಿ.ಮೀ. ಎತ್ತರದಲ್ಲಿ ಹಾರುತ್ತವೆ. 20 ಕಿ.ಮೀ. ಎತ್ತರದಲ್ಲಿ ಮಳೆಮೋಡಗಳ ಕಾಟವಿಲ್ಲ. ಹಗಲೆಲ್ಲ ಬಿಸಿಲು ಸಿಗುತ್ತದೆ. ಅಲ್ಲಿ ಸೂರ್ಯನ ಬೆಳಕಿನಿಂದಲೇ ನಡೆಯುವ ಹಗುರವಾದ ವಿಮಾನವನ್ನು ಹಾರಿಸಬಹುದು. ಹಗಲು ಅದರ ರೆಕ್ಕೆಯ ಮೇಲಿನ ಫಲಕಗಳು ವಿದ್ಯುತ್ ತಯಾರಿಸುತ್ತವೆ. ರಾತ್ರಿ ಬ್ಯಾಟರಿಯಿಂದ ಹಾರುತ್ತದೆ. 2022ರಲ್ಲಿ ‘ಜೆಫೈರ್’ ಎಂಬ ಇಂತಹ ವಿಮಾನ 64 ದಿನ ನೆಲಕ್ಕಿಳಿಯದೆ ಹಾರಿತು.

ನಮ್ಮ ನೆರೆಯಲ್ಲೇ ಇಂತಹ ಪ್ರಯತ್ನ ನಡೆದಿದೆ. ಬೆಂಗಳೂರಿನ ಎನ್.ಎ.ಎಲ್. ಸಂಸ್ಥೆಯವರು 2024ರ ಫೆಬ್ರವರಿಯಲ್ಲಿ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ಸೌರಶಕ್ತಿಯ ವಿಮಾನದ ಚಿಕ್ಕ ಮಾದರಿಯೊಂದನ್ನು ಹಾರಿಸಿದರು. ಅದರ ರೆಕ್ಕೆಗಳ ಒಟ್ಟು ಉದ್ದ ಸುಮಾರು ಒಂದು ಬಸ್ಸಿನಷ್ಟು. ಆದರೆ ತೂಕ ಸುಮಾರು 23 ಕಿಲೋ ಮಾತ್ರ, ಅಂದರೆ ನಿಮ್ಮಲ್ಲಿ ಒಬ್ಬರ ತೂಕ! ಅದು ಸುಮಾರು 3 ಕಿ.ಮೀ. ಎತ್ತರಕ್ಕೇರಿ 8 ಗಂಟೆಗೂ ಹೆಚ್ಚು ಕಾಲ ಹಾರಿತು. ಇದರ ದೊಡ್ಡ ವಿಮಾನವು 20 ಕಿ.ಮೀ.ಗಿಂತ ಎತ್ತರದಲ್ಲಿ ಬಹುದಿನ ನಿಲ್ಲಬೇಕೆಂಬುದು ಅವರ ಗುರಿ. ಗಡಿ ಕಾಯಲೂ, ಸಂಪರ್ಕ ಕೊಡಲೂ ಅದು ನೆರವಾಗಬಲ್ಲದು.

ಎಲ್ಲ ಪ್ರಯತ್ನಗಳೂ ಗೆಲ್ಲುವುದಿಲ್ಲ. ‘ಲೂನ್’ ಎಂಬ ಕಂಪನಿ ದೊಡ್ಡ ಬಲೂನುಗಳನ್ನು 20 ಕಿ.ಮೀ. ಎತ್ತರದಲ್ಲಿ ತೇಲಿಸಿ ಕೆನ್ಯಾ ದೇಶದ ಹಳ್ಳಿಗಳಿಗೆ ಸಂಪರ್ಕ ಕೊಟ್ಟಿತು. ಬಲೂನು ಚೆನ್ನಾಗಿಯೇ ಕೆಲಸ ಮಾಡಿತು. ಆದರೆ ಖರ್ಚನ್ನು ತಗ್ಗಿಸಲಾಗದೆ 2021ರಲ್ಲಿ ಅದನ್ನು ಮುಚ್ಚಿದರು. ಒಂದು ಯಂತ್ರ ಕೆಲಸ ಮಾಡಿದರೆ ಸಾಲದು, ಬಡವರ ಊರಿಗೂ ಎಟಕುವ ಬೆಲೆಯಲ್ಲಿ ಕೆಲಸ ಮಾಡಬೇಕು.

ಇನ್ನೊಂದು ಕೆಲಸ

ಡ್ರೋನ್ ತಾನೇ ಗೋಪುರವಾಗದೆಯೂ ಉಪಕಾರ ಮಾಡುತ್ತದೆ. ಗೋಪುರದ ತುದಿಯಲ್ಲಿ ಬೋಲ್ಟು ಸಡಿಲವಾಗಿದೆಯೇ, ಆಂಟೆನಾ ಗಾಳಿಗೆ ವಾಲಿದೆಯೇ ಎಂದು ನೋಡಲು ಕೆಲಸಗಾರನು ಜೀವ ಕೈಯಲ್ಲಿ ಹಿಡಿದು ಹತ್ತಬೇಕಿತ್ತು. ಈಗ ಡ್ರೋನ್ ಹಾರಿಸಿ ಚಿತ್ರ ತೆಗೆದು ನೋಡಬಹುದು. ಯಾವ ಕಣಿವೆಯಲ್ಲಿ ಸಿಗ್ನಲ್ ಎಷ್ಟಿದೆ ಎಂದು ಅಳೆಯಲೂ ಡ್ರೋನನ್ನು ಬಳಸಬಹುದು. ಹಾಗೆ ಅಳೆದರೆ ಹೊಸ ಗೋಪುರವನ್ನು ಎಲ್ಲಿ ಕಟ್ಟಬೇಕೆಂದು ತಿಳಿಯುತ್ತದೆ.

ನಿಯಮ ಬೇಕು

ಡ್ರೋನನ್ನು ಮನ ಬಂದಂತೆ ಹಾರಿಸಬಾರದು. ನಮ್ಮ ದೇಶದಲ್ಲಿ 2021ರಲ್ಲಿ ಡ್ರೋನ್ ನಿಯಮಗಳು ಬಂದವು. ಆಕಾಶವನ್ನು ಹಸಿರು, ಹಳದಿ, ಕೆಂಪು ಎಂದು ಮೂರು ವಲಯಗಳಾಗಿ ವಿಂಗಡಿಸಿದ್ದಾರೆ. ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಡ್ರೋನ್ ಚಾಲಕರ ಪ್ರಮಾಣಪತ್ರ ಪಡೆಯಲು 18 ವರ್ಷ ತುಂಬಿರಬೇಕು, ಹತ್ತನೆಯ ತರಗತಿ ತೇರ್ಗಡೆಯಾಗಿರಬೇಕು, ತರಬೇತಿ ಪಡೆದಿರಬೇಕು. ವಿಮಾನಗಳಿಗೆ, ಹಕ್ಕಿಗಳಿಗೆ, ಕಾಡುಪ್ರಾಣಿಗಳಿಗೆ ತೊಂದರೆ ಕೊಡಬಾರದು. ಇನ್ನೊಬ್ಬರ ಮನೆಯಂಗಳವನ್ನು ಇಣುಕಿ ನೋಡಬಾರದು.

ಮಕ್ಕಳೇ, ಡ್ರೋನ್ ಬಂತೆಂದು ಗೋಪುರ ಬೇಡವಾಗುವುದಿಲ್ಲ. ಮನೆಯಲ್ಲಿ ದಿನವೂ ಉರಿಯುವ ದೀಪ ಬೇರೆ, ವಿದ್ಯುತ್ ಹೋದಾಗ ಹಿಡಿಯುವ ಟಾರ್ಚು ಬೇರೆ. ಬೆಟ್ಟದ ಊರಿಗೆ ದಿನವೂ ಉರಿಯುವ ದೀಪವೇ ಬೇಕು. ಅದು ಗೋಪುರದಿಂದ ಬರಬೇಕು. ಆಪತ್ತಿನ ರಾತ್ರಿಗೆ ಟಾರ್ಚೂ ಬೇಕು. ಅದನ್ನು ಡ್ರೋನ್ ಹಿಡಿಯಬಲ್ಲದು. ಎರಡನ್ನೂ ಎಲ್ಲರಿಗೂ ತಲುಪಿಸುವ ಕೆಲಸ ಇನ್ನೂ ಬಾಕಿ ಇದೆ. ಆ ಕೆಲಸ ಮಾಡುವ ಎಂಜಿನಿಯರುಗಳು ನಾಳೆ ನಮ್ಮ ಬೆಟ್ಟದ ಊರುಗಳ ಶಾಲೆಗಳಿಂದಲೇ ಬರಲಿ.

ಪದಗಳ ಅರ್ಥ

ಆಪತ್ತು – ಕಷ್ಟಕಾಲ
ಕಂಗಾಲಾಗು – ದಿಕ್ಕು ತೋಚದಂತಾಗು
ಚಂಡಮಾರುತ – ಭಯಂಕರವಾದ ಬಿರುಗಾಳಿ
ಜಾಲ – ಬಲೆ, ಹೆಣಿಗೆ
ಮುಗಿಲು – ಮೋಡ, ಆಕಾಶ
ವಲಯ – ಪ್ರದೇಶ
ಸೌರಶಕ್ತಿ – ಸೂರ್ಯನಿಂದ ದೊರೆಯುವ ಶಕ್ತಿ

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಫೋನು ನಮ್ಮ ದನಿಯನ್ನು ಏನಾಗಿ ಬದಲಿಸುತ್ತದೆ?
2. ನಮ್ಮ ದೇಶದಲ್ಲಿ ಮೊಬೈಲಿನ ಮೊದಲ ಕರೆ ಎಂದು ನಡೆಯಿತು?
3. ‘ಡ್ರೋನ್’ ಪದಕ್ಕೆ ಇಂಗ್ಲಿಷಿನಲ್ಲಿರುವ ಇನ್ನೊಂದು ಅರ್ಥವೇನು?
4. ಸೌರಶಕ್ತಿಯ ವಿಮಾನದ ಮಾದರಿಯನ್ನು ಕರ್ನಾಟಕದಲ್ಲಿ ಎಲ್ಲಿ ಹಾರಿಸಿದರು?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಬೆಟ್ಟದ ಹಿಂದಿನ ಊರಿಗೆ ಸಿಗ್ನಲ್ ಏಕೆ ಚೆನ್ನಾಗಿ ತಲುಪುವುದಿಲ್ಲ?
2. ‘ಹಾರುವ ಹಸು’ವಿಗೆ ಕೇಬಲ್ ಏಕೆ ಬೇಕಾಯಿತು?
3. ಬಲೂನಿನ ಪ್ರಯತ್ನ ಏಕೆ ನಿಂತುಹೋಯಿತು? ಅದರಿಂದ ನಾವು ಕಲಿಯುವುದೇನು?

ಇ. ಬಿಟ್ಟ ಸ್ಥಳಗಳನ್ನು ತುಂಬಿರಿ.
1. ಗೋಪುರವು ______ ಇದ್ದಂತೆ.
2. ಸಾಮಾನ್ಯ ಡ್ರೋನ್ ಬ್ಯಾಟರಿಯಿಂದ 20ರಿಂದ ______ ನಿಮಿಷ ಹಾರುತ್ತದೆ.
3. ಮೇಲಗಿರಿ ಬೆಟ್ಟಗಳ ಆಚೆ ______ ಹರಿಯುತ್ತಾಳೆ.

ಈ. ವಿರುದ್ಧ ಪದಗಳನ್ನು ಬರೆಯಿರಿ.
ಎತ್ತರ, ಹಗಲು, ದೂರ, ಹಗುರ, ಅನುಕೂಲ

ಉ. ಈ ಪದಗಳನ್ನು ಬಿಡಿಸಿ ಬರೆಯಿರಿ.
ಮನೆಯಂಗಳ, ಜೇನುಗೂಡು, ಕಾಡಾನೆ, ಮೇಲೇರಿ

ಊ. ಮಾಡಿ ನೋಡಿರಿ.
ಕತ್ತಲೆ ಕೋಣೆಯಲ್ಲಿ ಪುಸ್ತಕಗಳನ್ನು ಒಂದರ ಮೇಲೊಂದು ಜೋಡಿಸಿ ಬೆಟ್ಟ ಮಾಡಿರಿ. ಅದರ ಹಿಂದೆ ಬೆಂಕಿಪೆಟ್ಟಿಗೆಯೊಂದನ್ನು ಮನೆಯಂತೆ ಇಡಿರಿ. ಮೊದಲು ಟಾರ್ಚನ್ನು ನೆಲದ ಮೇಲಿಟ್ಟು ಬೆಳಕು ಬಿಡಿರಿ. ಬಳಿಕ ಮೆಲ್ಲಗೆ ಮೇಲೆತ್ತಿರಿ. ಎಷ್ಟು ಎತ್ತರದಲ್ಲಿ ಮನೆಯ ಮೇಲೆ ಬೆಳಕು ಬಿತ್ತೆಂದು ಅಳೆದು ಬರೆಯಿರಿ. ಬೆಟ್ಟವನ್ನು ಇನ್ನೂ ಎತ್ತರಿಸಿ ಮತ್ತೆ ಅಳೆಯಿರಿ.

ಋ. ನಿಮ್ಮ ಊರಿನಲ್ಲಿ ಫೋನಿನ ಸಿಗ್ನಲ್ ಎಲ್ಲಿ ಚೆನ್ನಾಗಿ ಸಿಗುತ್ತದೆ, ಎಲ್ಲಿ ಸಿಗುವುದಿಲ್ಲ ಎಂದು ಮನೆಯ ಹಿರಿಯರನ್ನು ಕೇಳಿ ತಿಳಿಯಿರಿ. ಊರಿನ ನಕ್ಷೆ ಬರೆದು ಆ ಸ್ಥಳಗಳನ್ನು ಗುರುತಿಸಿರಿ. ಅಲ್ಲಿ ಅಡ್ಡವಿರುವುದು ಏನೆಂದು ತರಗತಿಯಲ್ಲಿ ಚರ್ಚಿಸಿರಿ.